ದೂರವಿದ್ಯೆಯೂ ವಿದ್ಯಾಸಂಸ್ಥೆಗಳ ಸಹಕಾರವೂ

(ಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ಸಂದರ್ಭದಲ್ಲಿ ವಿದ್ಯಾವಿಷಯಕವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವದು. ಪಾಠಶಾಲೆಯಲ್ಲಿ ಗುರುಗಳ ಎದುರು ಕುಳಿತು ವ್ಯಾಕರಣ, ಕಾವ್ಯಗಳನ್ನು ಕಲಿತ ನನ್ನಂಥವನು ದೂರಶಿಕ್ಷಣದ ವಿಷಯವನ್ನೆತ್ತಿಕೊಂಡುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮಠಕ್ಕೆ ಬರುವ ಭಕ್ತರು ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ. “ಸೊಸೆಗೆ ಮದುವೆಯಿಂದ ಓದು ನಿಂತಿತು, ಮನೆಯಲ್ಲಿದ್ದೇ ಪದವಿ ಪಡೆಯಬಹುದೆ?” ಎಂದು ಒಬ್ಬರು ಕೇಳುತ್ತಾರೆ. “ಮಗನು ಮಗ್ಗದ ಕೆಲಸ ಬಿಟ್ಟು ಕಾಲೇಜಿಗೆ ಹೋಗಲಾರನು, ಅಂಚೆಯ ಪದವಿಯನ್ನು ಸರಕಾರ ಒಪ್ಪುವದೆ?” ಎಂದು ಇನ್ನೊಬ್ಬರು ಕೇಳುತ್ತಾರೆ. ಇಂಥ ಪ್ರಶ್ನೆಗಳಿಗೆ ಹೌದು ಅಲ್ಲವೆಂಬ ಒಂದು ಮಾತಿನ ಉತ್ತರ ಸಾಲದು. ಉತ್ತರವು ವಿದ್ಯಾಸಂಸ್ಥೆಗಳು ಪರಸ್ಪರ ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಅವಲಂಬಿಸಿದೆ. ಆದುದರಿಂದ ಅದನ್ನೇ ಇಂದಿನ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

ಕಲಿಸುವವನು ಒಂದೂರಿನಲ್ಲಿ, ಕಲಿಯುವವನು ಇನ್ನೊಂದೂರಿನಲ್ಲಿ ಇದ್ದು, ಅಚ್ಚಾದ ಪಾಠ, ಅಂಚೆ, ಆಕಾಶವಾಣಿ, ಈಚೆಗೆ ಅಂತರ್ಜಾಲ, ಇವು ನಡುವೆ ಸೇತುವೆಯಾಗಿ ನಿಲ್ಲುವ ಕ್ರಮಕ್ಕೆ ದೂರಶಿಕ್ಷಣವೆಂದು ಹೆಸರು. ವಯಸ್ಸು, ಉದ್ಯೋಗ, ಹಿಂದಿನ ಪರೀಕ್ಷೆ ಇವುಗಳ ಕಟ್ಟುಗಳನ್ನು ಆದಷ್ಟು ಸಡಿಲಿಸಿ, ಕಲಿಯಲಿಚ್ಛಿಸುವವರಿಗೆಲ್ಲ ಬಾಗಿಲು ತೆರೆದರೆ ಅದು ಮುಕ್ತಶಿಕ್ಷಣವೆನಿಸುವದು. ಇಂಗ್ಲಂಡಿನಲ್ಲಿ ೧೮೪೦ರಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದಾಗ ಐಸಾಕ್ ಪಿಟ್‌ಮನ್ನನು ಅದೇ ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸತೊಡಗಿದನು. ೧೮೫೮ರಲ್ಲಿ ಲಂಡನ್ ವಿಶ್ವವಿದ್ಯಾಲಯವು, ಎಲ್ಲಿಯೇ ಓದಿರಲಿ, ತನ್ನ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಪದವಿ ಕೊಡಲು ಒಪ್ಪಿತು. ೧೯೬೯ರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯಕ್ಕೆ ರಾಜಸನ್ನದು ದೊರೆತು, ೧೯೭೧ರಲ್ಲಿ ಪಾಠಗಳು ಮೊದಲಾದವು. ಪ್ರವೇಶಕ್ಕೆ ಯಾವ ಹಿಂದಿನ ಪರೀಕ್ಷೆಯನ್ನೂ ಅದು ಕೇಳಲಿಲ್ಲ. ಅದೇ ೧೯೬೯ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತೆಂಬುದು ಸ್ಮರಣೀಯವಾದ ಸಂಗತಿ. ಆ ಬೀಜವೇ ಬೆಳೆದು ೧೯೯೬ನೆಯ ಜೂನ್ ೧ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಇನ್ನು ಸಹಕಾರದ ಅವಶ್ಯಕತೆ. ಊರಿನ ಕಾಲೇಜಿಗೆ ತನ್ನದೇ ಕಟ್ಟಡ, ತನ್ನದೇ ಗ್ರಂಥಾಲಯ, ತನ್ನದೇ ಅಧ್ಯಾಪಕ ವರ್ಗ ಇರುವದು. ವಿದ್ಯಾರ್ಥಿಯು ಬೆಳಿಗ್ಗೆ ಹೋಗಿ ಸಂಜೆ ಬರುವನು. ದೂರದಿಂದ ಕಲಿಸುವ ವಿಶ್ವವಿದ್ಯಾಲಯದ ಸ್ಥಿತಿ ಹಾಗಲ್ಲ. ಅದರ ಕಚೇರಿ ಮೈಸೂರಿನಲ್ಲಿದ್ದರೆ ವಿದ್ಯಾರ್ಥಿಯು ಬೀಳಗಿಯ ಹಳ್ಳಿಯಲ್ಲಿರುವನು. ಅವನಿಗೆ ಸಂದೇಹ ಬಂದರೆ ಕೇಳಲು ಹತ್ತಿರದಲ್ಲಿ ಒಬ್ಬ ಉಪಾಧ್ಯಾಯರು ಬೇಕು. ಪರೀಕ್ಷೆಗೆ ಕುಳಿತುಕೊಳ್ಳಲು ಸಮೀಪದಲ್ಲಿ ಒಂದು ಕೇಂದ್ರ ಬೇಕು. ಪುಸ್ತಕ ನೋಡಲು ಗ್ರಂಥಾಲಯ ಬೇಕು. ಪ್ರತಿಯೊಂದು ಊರಿನಲ್ಲಿಯೂ ಇವೆಲ್ಲವನ್ನು ಕಟ್ಟುವದು ಯಾವ ಒಂದು ಸಂಸ್ಥೆಯಿಂದಲೂ ಆಗದು. ಬ್ರಿಟನ್ನಿನಂಥ ಸಿರಿವಂತ ದೇಶದ ಮುಕ್ತ ವಿಶ್ವವಿದ್ಯಾಲಯವೂ ರೇಡಿಯೋ, ದೂರದರ್ಶನ ಪಾಠಗಳಿಗಾಗಿ ಬಿ.ಬಿ.ಸಿ.ಯನ್ನು ಆಶ್ರಯಿಸಿತು, ಬೇಸಗೆಯ ಸೂಟಿಯಲ್ಲಿ ಬೇರೆ ವಿಶ್ವವಿದ್ಯಾಲಯಗಳ ತೆರವಾದ ವಸತಿಗೃಹಗಳನ್ನು ಪಡೆದು ತನ್ನ ವಿದ್ಯಾರ್ಥಿಗಳನ್ನು ಅಲ್ಲಿ ಕೂಡಿಸಿ ಕಲಿಸಿತು. ಹೀಗೆ ದೂರಶಿಕ್ಷಣಕ್ಕೆ ಸಹಕಾರವು ಆಭರಣವಲ್ಲ, ಅನ್ನವೇ ಆಗಿದೆ.

ಯುರೋಪ ಖಂಡದಲ್ಲಿ ಈ ಸಹಕಾರವು ಒಂದು ದೇಶದ ಎಲ್ಲೆಯನ್ನು ಮೀರಿ ಬೆಳೆದ ರೀತಿಯನ್ನು ಈಗ ನೋಡೋಣ. ಸ್ಪೇನಿನಲ್ಲಿ ೧೯೭೨ರಲ್ಲಿ, ಜರ್ಮನಿಯ ಹಾಗೆನ್ ಪಟ್ಟಣದಲ್ಲಿ ೧೯೭೪ರಲ್ಲಿ, ನೆದರ್ಲಂಡ್ಸಿನಲ್ಲಿ ೧೯೮೪ರಲ್ಲಿ, ಪೋರ್ತುಗಾಲದಲ್ಲಿ ೧೯೮೮ರಲ್ಲಿ ದೂರಶಿಕ್ಷಣದ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಇವುಗಳ ಭಾಷೆ ಬೇರೆ, ಕಾನೂನು ಬೇರೆ, ಪರೀಕ್ಷೆಯ ಪದ್ಧತಿ ಬೇರೆ. ಇವರಲ್ಲಿ ಕೆಲವರ ಹಿರಿಯರು ಮಹಾಯುದ್ಧಗಳಲ್ಲಿ ಒಬ್ಬರಿನ್ನೊಬ್ಬರ ವೈರಿಗಳಾಗಿದ್ದವರು. ಹೀಗಿದ್ದೂ ೧೯೮೭ರಲ್ಲಿ ದೂರಶಿಕ್ಷಣ ವಿಶ್ವವಿದ್ಯಾಲಯಗಳ ಯುರೋಪೀಯ ಸಂಘವು ಸ್ಥಾಪನೆಯಾಯಿತು. ೧೯೮೯ರಲ್ಲಿ ಬರ್ಲಿನ್ನಿನ ಗೋಡೆ ಬಿದ್ದು ಪೂರ್ವ ಪಶ್ಚಿಮಗಳ ನಡುವೆ ದಾರಿ ತೆರೆದ ತರುವಾಯ, ೧೯೯೧ರಲ್ಲಿ, ಯುರೋಪೀಯ ದೂರಶಿಕ್ಷಣ ಜಾಲವೆಂಬ ಎರಡನೆಯ ಸಂಘವು ಹುಟ್ಟಿತು. ಮೊದಲನೆಯದು ವಿಶ್ವವಿದ್ಯಾಲಯಗಳ ಕೂಟ; ಎರಡನೆಯದರಲ್ಲಿ ಸಂಸ್ಥೆಗಳಲ್ಲದೆ ಅಧ್ಯಾಪಕರೂ ಸಂಶೋಧಕರೂ ವ್ಯಕ್ತಿಶಃ ಸದಸ್ಯರಾಗಬಹುದು. ಇವೆರಡಕ್ಕಿಂತ ಹಿರಿದಾದ ಜಾಗತಿಕ ಪರಿಷತ್ತೊಂದು ೧೯೩೮ರಲ್ಲಿಯೇ ಕೆನಡಾ ದೇಶದಲ್ಲಿ, ಅಂಚೆ ಶಿಕ್ಷಣದ ಹೆಸರಿನಲ್ಲಿ, ಮೊದಲಾಗಿದ್ದಿತು. ಅದರ ಕಾರ್ಯಾಲಯವು ಈಗ ನಾರ್ವೆಯ ಓಸ್ಲೋ ನಗರದಲ್ಲಿದೆ. ಒಂದೇ ವಿಶ್ವವಿದ್ಯಾಲಯವು ಎರಡು ಮೂರು ಜಾಲಗಳಲ್ಲಿ ಸದಸ್ಯತ್ವ ಪಡೆದಿರುವದೂ ಉಂಟು. ಹೀಗೆ ಜಾಲಗಳು ತಮ್ಮ ತಮ್ಮಲ್ಲಿಯೂ ಹೆಣೆದುಕೊಂಡಿವೆ.

ಈ ಹೆಣಿಗೆಯು ಹರಿಯದೆ ನಿಂತುದು ಹೇಗೆ? ಪರಿಶೀಲಿಸಿದರೆ ಮೂರು ಕಾರಣಗಳು ಕಂಡುಬರುತ್ತವೆ.

ಮೊದಲನೆಯದು ಸಮಾನವಾದ ಅಳತೆ. ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಬಕವಿಯ ವಾರವೂ ಬನಹಟ್ಟಿಯ ವಾರವೂ ಬೇರೆ ಬೇರೆಯಾಗಿದ್ದರೆ ಸೀರೆಯ ವ್ಯಾಪಾರವು ಒಂದು ದಿನವೂ ನಡೆಯದು. ವಿದ್ಯೆಗೂ ಅಂಥದೊಂದು ವಾರ ಬೇಕಾಯಿತು. ೧೯೮೯ರಲ್ಲಿ ಯುರೋಪದಲ್ಲಿ ಕ್ರೆಡಿಟ್ಟುಗಳ ಲೆಕ್ಕವನ್ನು ಪ್ರಯೋಗಕ್ಕೆ ತಂದರು. ೧೯೯೯ರ ಬೊಲೋನ್ಯಾ ಒಪ್ಪಂದದ ತರುವಾಯ ಅದು ವ್ಯಾಪಕವಾಯಿತು. ಪೂರ್ಣಕಾಲದ ಒಂದು ವರ್ಷದ ಓದಿಗೆ ೬೦ ಕ್ರೆಡಿಟ್ಟುಗಳು; ಒಂದು ಕ್ರೆಡಿಟ್ಟೆಂದರೆ ವಿದ್ಯಾರ್ಥಿಯ ೨೫ರಿಂದ ೩೦ ತಾಸುಗಳ ಪರಿಶ್ರಮ. ಇಲ್ಲಿ ಅಳೆಯುವದು ಉಪಾಧ್ಯಾಯರು ಮಾತನಾಡಿದ ಹೊತ್ತನ್ನಲ್ಲ, ವಿದ್ಯಾರ್ಥಿಯು ದುಡಿದ ಹೊತ್ತನ್ನು ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ಕುಳಿತು ಓದುವವನಿಗೆ ಇದರಿಂದಲೇ ನ್ಯಾಯ ದೊರೆಯಿತು.

ಎರಡನೆಯದು ಸ್ವಭಾಷೆಯ ರಕ್ಷಣೆ. ೨೦೧೩ರಲ್ಲಿ ಆ ಮೊದಲ ಸಂಘದ ಮುಂದಾಳುತನದಲ್ಲಿ ಹನ್ನೊಂದು ದೇಶಗಳ ಸಹಭಾಗಿಗಳು ಕೂಡಿ ಅಂತರ್ಜಾಲದ ಮೇಲೆ ಎಲ್ಲರಿಗೂ ಉಚಿತವಾಗಿ ಪಾಠಗಳನ್ನು ತೆರೆದಿಟ್ಟಾಗ, ಎಲ್ಲವನ್ನೂ ಇಂಗ್ಲೀಷಿನಲ್ಲಿಯೇ ನಡೆಸೋಣವೆನ್ನಲಿಲ್ಲ. ಹನ್ನೆರಡು ಭಾಷೆಗಳಲ್ಲಿ ಆ ಪಾಠಗಳು ಹೊರಟವು. ಕೂಡುವದೆಂದರೆ ಕರಗಿ ಒಂದಾಗುವದಲ್ಲವೆಂಬುದನ್ನು ಅವರು ಆಚರಣೆಯಲ್ಲಿ ತೋರಿಸಿದರು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹೊಣೆಗಾರಿಕೆ. ಯಾವ ವಿಶ್ವವಿದ್ಯಾಲಯವು ಪದವಿಯನ್ನು ಕೊಡುವದೋ ಅದೇ ಆ ಪದವಿಗೆ ಉತ್ತರವಾದಿ. ಗೆಳೆಯನ ಕಟ್ಟಡವನ್ನು ಬಳಸಬಹುದು, ಗೆಳೆಯನ ಪಾಠಗಳನ್ನು ಬಳಸಬಹುದು. ಹೊಣೆಯನ್ನು ಮಾತ್ರ ಗೆಳೆಯನ ಹೆಗಲಿಗೆ ದಾಟಿಸಲಾಗದು. ಅಷ್ಟೆ ಅಲ್ಲ, ಅವರು ತಮ್ಮ ಕೆಲಸವನ್ನು ತಾವೇ ಒಂದು ಮಾನದಂಡದಿಂದ ಪರೀಕ್ಷಿಸಿಕೊಂಡು, ಮೇಲೆ ಬೇರೆ ಸಂಸ್ಥೆಯ ಸಮಾನಸ್ಕಂಧರನ್ನು ಕರೆಯಿಸಿ ದೋಷಗಳನ್ನು ಹೇಳಿಸಿಕೊಳ್ಳುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ತಪ್ಪು ತೋರಿಸುವವನನ್ನು ಮನೆಗೆ ಆಮಂತ್ರಿಸುವದು ಸ್ನೇಹದ ಪರಮಾವಧಿಯಲ್ಲವೆ?

ನಮ್ಮ ದೇಶದಲ್ಲಿಯೂ ಈ ದಾರಿ ಹೊಸದಲ್ಲ. ದಿಲ್ಲಿ ವಿಶ್ವವಿದ್ಯಾಲಯವು ೧೯೬೨ರಲ್ಲಿ ಅಂಚೆ ಶಿಕ್ಷಣವನ್ನಾರಂಭಿಸಿತು. ಹೈದರಾಬಾದಿನಲ್ಲಿ ೧೯೮೨ರಲ್ಲಿ, ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರ ಹೆಸರಿನಿಂದ ೧೯೮೫ರಲ್ಲಿ, ನಾಸಿಕದಲ್ಲಿ ಯಶವಂತರಾವ ಚವ್ಹಾಣರ ಹೆಸರಿನಿಂದ ೧೯೮೯ರಲ್ಲಿ ಮುಕ್ತ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಇಂದಿರಾ ಗಾಂಧಿ ವಿಶ್ವವಿದ್ಯಾಲಯದಲ್ಲಿಯೂ ಒಂದು ಕ್ರೆಡಿಟ್ಟಿಗೆ ೩೦ ತಾಸುಗಳ ಓದೆಂಬ ಲೆಕ್ಕವುಂಟು. ನಮ್ಮ ವಿಜಯಪುರದಲ್ಲಿಯೇ ಅದರ ಪ್ರಾದೇಶಿಕ ಕೇಂದ್ರವಿದೆ. ೨೦೧೭ರಲ್ಲಿ ಕೇಂದ್ರ ಸರಕಾರವು ‘ಸ್ವಯಂ’ ಎಂಬ ಅಂತರ್ಜಾಲದ ಪಾಠಶಾಲೆಯನ್ನು ತೆರೆಯಿತು. ೨೦೨೧ರಲ್ಲಿ, ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್ಟುಗಳನ್ನು ಬ್ಯಾಂಕಿನ ಠೇವಿನಂತೆ ಕೂಡಿಟ್ಟು ಇನ್ನೊಂದು ಸಂಸ್ಥೆಗೆ ಒಯ್ಯುವ ಏರ್ಪಾಡನ್ನೂ ಮಾಡಿತು.

ಹೀಗಿರಲು, ಸಹಕಾರವೆಂಬ ಹೆಸರಿನಿಂದಲೇ ನಮ್ಮ ನಾಡಿನಲ್ಲಿ ಒದಗಿದ ಒಂದು ಆಪತ್ತನ್ನು ಮುಚ್ಚಿಡದೆ ಹೇಳಲೇಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರಾಜ್ಯದ ಹೊರಗಿನ ಅನೇಕ ಖಾಸಗಿ ಸಂಸ್ಥೆಗಳೊಡನೆ ಒಡಂಬಡಿಕೆ ಮಾಡಿಕೊಂಡು, ಅವುಗಳ ಮೂಲಕ ತಾಂತ್ರಿಕ ಮೊದಲಾದ ಶಿಕ್ಷಣಕ್ರಮಗಳನ್ನು ನಡೆಸಿತು. ಇದು ತನ್ನ ಕಾರ್ಯಕ್ಷೇತ್ರವನ್ನೂ ನಿಯಮಗಳನ್ನೂ ಮೀರಿದುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಆಕ್ಷೇಪಿಸಿ, ೨೦೧೫ನೆಯ ಜೂನ್ ತಿಂಗಳಲ್ಲಿ, ೨೦೧೩-೧೪ನೆಯ ಸಾಲಿನಿಂದಲೇ ಮನ್ನಣೆಯಿಲ್ಲವೆಂದು ಸಾರಿತು. ದಂಡನೆಯು ಬಿದ್ದುದು ಸಂಸ್ಥೆಯ ಮೇಲೆ. ಪೆಟ್ಟು ತಗಲಿದುದು ವಿದ್ಯಾರ್ಥಿಯ ಬೆನ್ನಿಗೆ. ಯಾವ ಒಡಂಬಡಿಕೆಯನ್ನೂ ಕಾಣದ, ಯಾವ ಸಹಿಯನ್ನೂ ಹಾಕದ, ನಮ್ಮ ಜಿಲ್ಲೆಗಳ ಹಳ್ಳಿಗಳಲ್ಲಿ ದೀಪದ ಮುಂದೆ ಕನ್ನಡದಲ್ಲಿಯೇ ಬಿ.ಎ., ಎಂ.ಎ. ಓದಿದವರ ಪದವಿಗಳೂ ಸಂದೇಹಕ್ಕೆ ಗುರಿಯಾದವು. ೨೦೧೮ನೆಯ ಆಗಸ್ಟದಲ್ಲಿ ಮನ್ನಣೆಯು ಪುನಃ ದೊರೆತು, ೨೦೧೮-೧೯ನೆಯ ಸಾಲಿನಿಂದ ಪ್ರವೇಶಗಳು ನಡೆದವು. ಆದರೆ ನೌಕರಿಗೆ ಅರ್ಜಿ ಹಾಕುವ ವಯಸ್ಸಿನ ಮಿತಿಯುಳ್ಳ ಯುವಕನಿಗೆ ನಡುವೆ ಕಳೆದುಹೋದ ವರ್ಷಗಳನ್ನು ಯಾವ ಆದೇಶವು ತಿರುಗಿ ತಂದುಕೊಟ್ಟೀತು?

ಇದರಿಂದ ಗ್ರಹಿಸತಕ್ಕ ಪಾಠವು ಸಹಕಾರವೇ ಕೆಟ್ಟುದೆಂಬುದಲ್ಲ. ಸಹಕಾರಕ್ಕೂ ಗುತ್ತಿಗೆಗೂ ಇರುವ ಭೇದವನ್ನರಿಯಬೇಕೆಂಬುದೇ ಪಾಠ. ಸಹಕಾರದಲ್ಲಿ ಇಬ್ಬರೂ ತಮ್ಮಲ್ಲಿರುವದನ್ನು ವಿದ್ಯಾರ್ಥಿಗಾಗಿ ಕೊಡುತ್ತಾರೆ. ಗುತ್ತಿಗೆಯಲ್ಲಿ ಒಬ್ಬನು ಹೆಸರನ್ನು ಮಾರುತ್ತಾನೆ, ಇನ್ನೊಬ್ಬನು ಕೊಳ್ಳುತ್ತಾನೆ. ಸಹಕಾರದಲ್ಲಿ ಹೊಣೆಯು ಎರಡು ಪಟ್ಟಾಗುವದು. ಗುತ್ತಿಗೆಯಲ್ಲಿ ಹೊಣೆಯು ಇಬ್ಬರ ಕೈಯೊಳಗಿಂದಲೂ ಜಾರಿ ನೆಲಕ್ಕೆ ಬೀಳುವದು. ನಮ್ಮ ಗಡಿಯಾಚೆ ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡಿಗರಿದ್ದಾರೆ. ಅವರಿಗೆ ಕನ್ನಡದಲ್ಲಿ ಉಚ್ಚಶಿಕ್ಷಣ ದೊರೆಯಬೇಕೆಂಬುದು ಯೋಗ್ಯವಾದ ಬಯಕೆ. ಆದರೆ ರಾಜ್ಯದ ವಿಶ್ವವಿದ್ಯಾಲಯವು ಎಲ್ಲೆ ಮೀರಿ ಅಲ್ಲಿ ಕೇಂದ್ರ ತೆರೆಯುವದು ಅದಕ್ಕೆ ದಾರಿಯಲ್ಲ. ಮೈಸೂರಿನದೂ ನಾಸಿಕದ್ದೂ ಸಮಾನರಾಗಿ ಕುಳಿತು, ಮೈಸೂರಿನ ಕನ್ನಡ ಪಾಠಗಳನ್ನು ನಾಸಿಕದ ಹೊಣೆಯಲ್ಲಿ ಅಲ್ಲಿಯ ಕನ್ನಡ ಮಕ್ಕಳಿಗೆ ಮುಟ್ಟಿಸುವದು ದಾರಿ. ಯುರೋಪದ ಉದಾಹರಣೆಯು ನಮಗೆ ಇಂಥಲ್ಲಿ ಉಪಯುಕ್ತವಾಗಿದೆ.

ಈಗ ನಮ್ಮ ನಾಲ್ಕು ಊರುಗಳ ಕಡೆಗೆ ತಿರುಗೋಣ. ೧೯೪೮ಕ್ಕೆ ಮುಂಚಿನ ಸ್ಥಿತಿಯನ್ನು ಹಿರಿಯರು ಬಲ್ಲರು. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರ ಸಂಸ್ಥಾನ, ರಬಕವಿಯು ಸಾಂಗಲಿಗೆ ಸೇರಿದುದು, ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯದು. ಇಷ್ಟು ಸಮೀಪದ ಊರುಗಳಲ್ಲಿ ನಾಲ್ಕು ಸರಕಾರಗಳು! ನಮ್ಮ ಕೃಷ್ಣಾ-ಘಟಪ್ರಭೆಗಳ ನಡುವಿನ ನಾಡೇ ಒಂದು ಚಿಕ್ಕ ಯುರೋಪವಾಗಿದ್ದಿತೆನ್ನಬಹುದು. ಆದರೂ ವಿದ್ಯಾರ್ಥಿಯ ದಾರಿ ಮುಚ್ಚಿರಲಿಲ್ಲ. ಏಕೆಂದರೆ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯೆಂಬ ಒಂದೇ ಅಳತೆ ಇದ್ದಿತು. ೧೮೮೬ರಲ್ಲಿ ಜಮಖಂಡಿಯಲ್ಲಿ ಜನಿಸಿದ ಗುರುದೇವ ರಾನಡೆಯವರು ಅಲ್ಲಿಯ ಪರಶುರಾಮಭಾವು ಹಾಯಸ್ಕೂಲಿನಲ್ಲಿ ಓದಿ, ೧೯೦೨ರಲ್ಲಿ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪುಣೆಗೆ ಹೋಗಿ, ಮುಂದೆ ಅಲಾಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆದರು. ಅವರ ಪ್ರತಿಭೆಯು ಅವರದೇ; ಆದರೆ ಸಣ್ಣ ಸಂಸ್ಥಾನದ ಶಾಲೆಯ ಓದನ್ನು ಪುಣೆಯ ಕಾಲೇಜು ಒಪ್ಪುವಂಥ ಅಳತೆಯಿಲ್ಲದಿದ್ದರೆ ಆ ಪ್ರತಿಭೆಗೆ ದಾರಿ ಎಷ್ಟು ಕಠಿಣವಾಗುತ್ತಿದ್ದಿತೊ!

ಮಠಗಳ ವಿಷಯದಲ್ಲಿಯೂ ಇಂಥ ನಿದರ್ಶನವು ನಮ್ಮ ಜಿಲ್ಲೆಯಲ್ಲಿಯೇ ಇದೆ. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಪ್ರತಿಯೊಂದು ಮಠವೂ ಪ್ರತ್ಯೇಕವಾಗಿ ಪಂಡಿತರನ್ನಿಟ್ಟುಕೊಂಡು ತನ್ನ ವಟುವನ್ನು ಓದಿಸುವ ಬದಲು, ನಾನಾ ಮಠಗಳ ವಟುಗಳು ಒಂದೆಡೆಯಲ್ಲಿ ಕಲಿತು, ತಮ್ಮ ತಮ್ಮ ಮಠಗಳಿಗೆ ಮರಳಿದರು. ಮಠಗಳು ಒಂದಾಗಲಿಲ್ಲ, ಅವುಗಳ ಪರಂಪರೆಗಳು ಅಳಿಯಲಿಲ್ಲ. ಕಲಿಸುವ ಭಾರವನ್ನು ಮಾತ್ರ ಕೂಡಿ ಹೊತ್ತರು.

ಇಲ್ಲಿ ಪಾಠಶಾಲೆಯ ಪಕ್ಷದಿಂದ ಒಂದು ಆಕ್ಷೇಪ ಬರುವದು. ವಿದ್ಯೆಯು ಗುರುಮುಖದಿಂದ ಬರಬೇಕು. ಪುಸ್ತಕವು ಅಂಚೆಯಲ್ಲಿ ಬಂದರೆ ವಿದ್ಯೆ ಬಂದಂತಾಯಿತೆ? ಈ ಆಕ್ಷೇಪವನ್ನು ನಾನು ಹಗುರಾಗಿ ಎಣಿಸಲಾರೆ. ಉಚ್ಚಾರಣೆಯ ದೋಷವನ್ನು ಗುರುವು ತಿದ್ದುವನು, ಪುಸ್ತಕವು ತಿದ್ದಲಾರದು. ಆದರೆ ದೂರಶಿಕ್ಷಣದ ಉತ್ತಮ ಸಂಸ್ಥೆಗಳೇ ಈ ಮಾತನ್ನು ಒಪ್ಪಿಕೊಂಡಿವೆ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವು ಮೊದಲಿನಿಂದಲೂ ವಿದ್ಯಾರ್ಥಿಗಳ ಉತ್ತರಗಳನ್ನು ತಿದ್ದಿ ಬರೆದು ಕಳುಹುವ ಉಪಾಧ್ಯಾಯರನ್ನಿಟ್ಟುಕೊಂಡಿತು. ನಮ್ಮ ಮುಕ್ತ ವಿಶ್ವವಿದ್ಯಾಲಯಗಳೂ ಸಂಪರ್ಕ ತರಗತಿಗಳನ್ನು ಏರ್ಪಡಿಸುತ್ತವೆ. ಗುರುವನ್ನು ಬಿಡುವದಲ್ಲ, ಗುರುವಿನ ಹತ್ತಿರಕ್ಕೆ ಬರಲಾರದವನ ಬಳಿಗೆ ಗುರುವನ್ನು ಕಳುಹುವದೇ ಈ ಕ್ರಮದ ಸಾರ. ಕಳುಹಿದ ಗುರುವಿಗೆ ಕುಳಿತುಕೊಳ್ಳಲು ಊರಿನಲ್ಲಿ ಒಂದು ಚಾಪೆ ಬೇಕು. ಆ ಚಾಪೆಯನ್ನು ಹಾಸುವ ಕೆಲಸವು ನಮ್ಮದು.

ಆದುದರಿಂದ ನಾಲ್ಕು ಊರುಗಳ ಮಠಗಳೂ ಕಾಲೇಜುಗಳೂ ಕೂಡಿ ಮಾಡಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ. ಮೊದಲನೆಯದಾಗಿ, ತಿಳುವಳಿಕೆ. ಯಾವ ವಿಶ್ವವಿದ್ಯಾಲಯಕ್ಕೆ ಯಾವ ವರ್ಷದಲ್ಲಿ ಯಾವ ಪದವಿಗೆ ಮನ್ನಣೆಯಿದೆಯೆಂಬುದನ್ನು ಅನುದಾನ ಆಯೋಗವು ಪ್ರಕಟಿಸುತ್ತದೆ. ಮನ್ನಣೆ ಪಡೆದ ದೂರಶಿಕ್ಷಣದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ಆಯೋಗವು ೨೦೨೨ನೆಯ ಸೆಪ್ಟೆಂಬರದಲ್ಲಿ ಸ್ಪಷ್ಟಪಡಿಸಿದೆ. ವೈದ್ಯಕೀಯ, ಇಂಜಿನಿಯರಿಂಗ್ ಮೊದಲಾದವುಗಳಿಗೆ ಈ ದಾರಿಯಿಲ್ಲ. ಇಷ್ಟನ್ನು ಅರಿತ ಒಬ್ಬರು ಪ್ರವೇಶದ ದಿನಗಳಲ್ಲಿ ಪ್ರತಿ ಮಠದಲ್ಲಿಯೂ ಕುಳಿತು, ಹಣ ಕಟ್ಟುವ ಮುಂಚೆಯೇ ಭಕ್ತರಿಗೆ ಪಟ್ಟಿಯನ್ನು ತೋರಿಸಿದರೆ, ಎಷ್ಟೋ ಮನೆಗಳ ದುಡಿಮೆಯು ಮೋಸಗಾರರ ಪಾಲಾಗದೆ ಉಳಿಯುವದು.

ಎರಡನೆಯದು, ಓದುವ ಕೋಣೆ. ಪವರ್‌ಲೂಮಿನ ಸದ್ದಿನಲ್ಲಿ ಓದು ಸಾಗದು. ಕಬ್ಬಿನ ಹಂಗಾಮಿನಲ್ಲಿ ಹಗಲು ಬಿಡುವಿರದು. ಮಠದ ಒಂದು ಕೋಣೆ ರಾತ್ರಿ ಹತ್ತರ ವರೆಗೆ ದೀಪ, ಅಂತರ್ಜಾಲ, ಪುಸ್ತಕಗಳೊಡನೆ ತೆರೆದಿರಲಿ. ತಾಯಂದಿರಿಗೆ ಮಧ್ಯಾಹ್ನದ ಹೊತ್ತು ಪ್ರತ್ಯೇಕವಾಗಿರಲಿ. ಆಲಮಟ್ಟಿಯ ಹಿನ್ನೀರಿನಿಂದ ಊರು ಬಿಟ್ಟು ಪುನರ್ವಸತಿಗೆ ಬಂದ ಬೀಳಗಿ ಸೀಮೆಯ ಕುಟುಂಬಗಳ ಮಕ್ಕಳನ್ನು ಇಲ್ಲಿ ಮೊದಲು ನೆನೆಯಬೇಕು. ಮೂರನೆಯದು, ಉಪಾಧ್ಯಾಯರ ಹಂಚಿಕೆ. ಜಮಖಂಡಿಯಲ್ಲಿ ಅರ್ಥಶಾಸ್ತ್ರವನ್ನು ಬಲ್ಲವರಿರಬಹುದು, ಮುಧೋಳದಲ್ಲಿ ಇಂಗ್ಲೀಷನ್ನು ಬಲ್ಲ ನಿವೃತ್ತರಿರಬಹುದು. ಆದಿತ್ಯವಾರಕ್ಕೊಂದು ಊರಿನಂತೆ ಅವರು ಸಂಚರಿಸಿದರೆ ನಾಲ್ಕೂರಿಗೆ ನಾಲ್ವರು ಸಾಕಾಗುವರು. ನಾಲ್ಕನೆಯದು, ಪರೀಕ್ಷಾ ಕೇಂದ್ರ. ನಾಲ್ಕು ಊರಿನವರು ಕೂಡಿ, ವಿದ್ಯಾರ್ಥಿಗಳ ಸಂಖ್ಯೆಯನ್ನು ಮುಂದಿಟ್ಟು, ಒಂದೇ ಅರ್ಜಿಯಿಂದ ವಿಶ್ವವಿದ್ಯಾಲಯವನ್ನು ಕೇಳಿದರೆ, ಬೇರೆ ಬೇರೆಯಾಗಿ ಕೇಳಿದುದಕ್ಕಿಂತ ಆ ಮಾತಿಗೆ ತೂಕ ಬರುವದು.

ಇವುಗಳೊಡನೆ ಒಂದು ಕಟ್ಟುನಿಟ್ಟೂ ಇರಲಿ. ಪ್ರವೇಶ ಮಾಡಿಸಿದುದಕ್ಕಾಗಿ ತಲೆಗಿಷ್ಟೆಂದು ಯಾರಿಂದಲೂ ಮಠವು ದಲಾಲಿಯನ್ನು ಪಡೆಯಕೂಡದು; ಯಾವ ಸಂಸ್ಥೆಗೂ ತನ್ನ ಹೆಸರನ್ನು ಬಾಡಿಗೆಗೆ ಕೊಡಕೂಡದು; ಪದವಿಯ ಭರವಸೆಯನ್ನು ತಾನು ಕೊಡಕೂಡದು. ನಾವು ಕೊಡುವದು ಸ್ಥಳ, ಬೆಳಕು, ಸಲಹೆ, ಶ್ರಮ; ಕಲಿಸಿ ಪರೀಕ್ಷಿಸುವ ಹೊಣೆಯು ವಿಶ್ವವಿದ್ಯಾಲಯದ್ದು; ಓದುವ ಹೊಣೆಯು ವಿದ್ಯಾರ್ಥಿಯದು. ಈ ಮೂರು ಗೆರೆಗಳು ಅಳಿಸದಂತೆ ನೋಡಿಕೊಂಡರೆ ೨೦೧೫ರಂಥ ಪ್ರಸಂಗದಲ್ಲಿ ನಮ್ಮ ಭಕ್ತರು ನಮ್ಮನ್ನು ನಂಬಿ ಕೆಟ್ಟೆವೆನ್ನುವ ಸ್ಥಿತಿ ಬಾರದು.

ಹಾಸು ಒಂದು ದಿಕ್ಕಿಗೆ, ಹೊಕ್ಕು ಇನ್ನೊಂದು ದಿಕ್ಕಿಗೆ ಹೋಗುವವು. ಒಂದು ಎಳೆಯು ಇನ್ನೊಂದರಲ್ಲಿ ಕರಗದು. ಆದರೂ ಕೂಡಿದಾಗಲೇ ವಸ್ತ್ರವೆನಿಸಿ ಮೈಯನ್ನು ಮುಚ್ಚುವದು. ನಮ್ಮ ಸೀಮೆಯ ಸಂಸ್ಥೆಗಳ ಸಹಕಾರವು ಅಂಥದಾಗಲಿ. ಈ ಮಹೋತ್ಸವದ ಮಂಟಪವನ್ನು ಬಿಚ್ಚುವ ಮುಂಚೆ ನಾಲ್ಕು ಊರುಗಳ ಹಿರಿಯರು ಒಂದು ತಾಸು ಕುಳಿತು, ಮೊದಲ ಓದುವ ಕೋಣೆ ಯಾವ ಊರಿನಲ್ಲಿ, ಯಾವ ತಿಂಗಳಿನಿಂದ ಎಂಬಷ್ಟನ್ನಾದರೂ ನಿಶ್ಚಯಿಸಬೇಕೆಂದು ಕೈಜೋಡಿಸಿ ಬಿನ್ನವಿಸುತ್ತೇನೆ.